ಅಭ್ಯಾಸದ ರೊಟ್ಟಿ

ಟೀಚರ್ ಡಬ್ಬಿಯಿಂದ ತೆಗೆದು ಇಟ್ಟ ರೊಟ್ಟಿಯ ಬಿಳಿ ಬಿಲ್ಲೆ ಪುಟ್ಟಿಯ ನಾಲಿಗೆಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಚರ್ಚಿನಲ್ಲಿ ಮೊದಲ ಬಾರಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸಲು ಇನ್ನೊಂದೇ ವಾರ. ಮಗು ಹೋ ಎಂದು ಅಳತೊಡಗಿತು.

“ಅಯ್ಯೋ, ಇದು ಬರೀ ಅಭ್ಯಾಸದ ರೊಟ್ಟಿ ಕಣೇ. ಫಾದರ್ ಪೂಜೆಯಲ್ಲಿ ಅರ್ಪಿಸಿದ ಮೇಲೇ ಯೇಸುಸ್ವಾಮಿ ಇದರೊಳಗೆ ಬರೋದು. ನೋಡು, ಏನೂ ಆಗಲ್ಲ,” ಎಂದು ನಕ್ಕ ಟೀಚರ್ ಅದರ ಮೇಲೆ ಚಪ್ಪಲಿಗಾಲು ಇಟ್ಟರು. ಅಳು ನಿಂತಿತು.

ಅಷ್ಟರಲ್ಲಿ ಫಾದರ್ ಓಡಿಬಂದರು. “ಒಳಗೆ ಮೇಜಿನ ಮೇಲಿದ್ದ ಬೆಳ್ಳಿ ಡಬ್ಬಿ ಯಾರು ತಗೊಂಡ್ರು?”

“ನಾನೇ ಫಾದರ್. ಅಭ್ಯಾಸದ್ದು ಅಂತ...”

“ಅಲ್ಲಮ್ಮ! ಪೂಜೆಯಲ್ಲಿ ಅರ್ಪಿಸಿದ್ದು. ಕಾಯಿಲೆಯವರಿಗೆ ಒಯ್ಯೋಕೆ ಇಟ್ಟಿದ್ದೆ.” ಫಾದರ್ ನೆಲದ ಮೇಲೆ ಕಣ್ಣಾಡಿಸಿದರು. “ಒಂದೂ ಕೆಳಗೆ ಬಿದ್ದಿಲ್ಲ ತಾನೇ?”

ಟೀಚರ್ ತಮ್ಮ ಚಪ್ಪಲಿಯತ್ತ ನೋಡಿದರು. ಕಾಲು ಎತ್ತಲೂ ಆಗಲಿಲ್ಲ, ಇಟ್ಟಲ್ಲೇ ಇಡಲೂ ಆಗಲಿಲ್ಲ. ಪುಟ್ಟಿ ಮೆಲ್ಲಗೆ ಬಂದು, ಟೀಚರೇ ಕಲಿಸಿದಂತೆ ಕೈ ಜೋಡಿಸಿ, ಆ ಚಪ್ಪಲಿಯ ಮುಂದೆ ಮಂಡಿಯೂರಿದಳು.