ತೊಳೆದ ಕಾಲು

ಪವಿತ್ರ ಗುರುವಾರದ ಸಂಜೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಗುರುಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆದು ಮುತ್ತಿಡುವ ಹೊತ್ತು ಹತ್ತಿರವಾಗಿತ್ತು. ಪ್ರತಿ ವರ್ಷದಂತೆ ಆ ಸಾಲಿನಲ್ಲಿ ಕೂರಲು ಬಂದ ಇನ್ನಾಸಪ್ಪ, ಚರ್ಚಿನ ಹಿಂದಿನ ನಲ್ಲಿಯ ಬಳಿ ಕಂಡದ್ದಕ್ಕೆ ಹೇಸಿ ನಿಂತುಬಿಟ್ಟ. ಊರಿನ ಮುಖಂಡ ಚೌರಪ್ಪ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಸೊಸೆ ಲೂರ್ದು ಸೋಪು ಹಚ್ಚಿ ಅವನ ಹಿಮ್ಮಡಿಯನ್ನು ಹೆಂಚಿನ ಚೂರಿನಿಂದ ಉಜ್ಜುತ್ತಿದ್ದಳು. ಪಕ್ಕದಲ್ಲಿ ಪೌಡರ್ ಡಬ್ಬಿ ಬೇರೆ.

"ಥೂ! ತೊಳೆದ ಕಾಲನ್ನ ದೇವರ ಮುಂದೆ ಇನ್ನೊಂದು ಸಲ ತೊಳೆಸ್ಕೊಳ್ತೀಯೇನೋ?"

"ಗುರುಗಳು ಮುತ್ತಿಡೋ ಕಾಲಲ್ವೇನಣ್ಣ, ನಾತ ಹೊಡೀಬಾರ್ದು," ಎಂದು ಚೌರಪ್ಪ ನಕ್ಕ.

"ನಿನ್ನ ಈ ನಾಟಕ ಅದಕ್ಕಿಂತ ನಾರುತ್ತೆ! ಗುರುಗಳಿಗೆ ಹೇಳಿ ನಿನ್ನ ಆ ಸಾಲಿಂದ ಎಬ್ಬಿಸದಿದ್ರೆ ಕೇಳು."

ಚೌರಪ್ಪನ ನಗು ಸತ್ತಿತು. ಇಡೀ ಊರಿನೆದುರು ಎದ್ದು ಹೋಗಬೇಕಾಗಿ ಬಂದರೆ ಅವನು ಮತ್ತೆ ತಲೆಯೆತ್ತಿ ನಡೆಯುವಂತಿರಲಿಲ್ಲ.

"ಎಷ್ಟು ವರ್ಷದಿಂದ ಕೂತಿದ್ದೀನಿ ನಾನು," ಇನ್ನಾಸಪ್ಪ ಎದೆ ತಟ್ಟಿಕೊಂಡ. "ಒಂದು ಸಲವಾದ್ರೂ ಕಾಲು ತೊಳ್ಕೊಂಡು ಬಂದಿದ್ದೀನಾ? ಪಕ್ಕದ ಮನೆಯೋಳು, ನೀನೇ ಹೇಳಮ್ಮ."

ಲೂರ್ದು ಅವನ ಪಾದ ನೋಡಿದಳು. ಹಿಮ್ಮಡಿಯ ಬಿರುಕುಗಳಲ್ಲಿ ಸಗಣಿ, ಕೆಸರು ಒಣಗಿ ಕಪ್ಪುಗಟ್ಟಿತ್ತು. ಅವಳು ನೀರಿನ ಚೊಂಬನ್ನು ಅವನ ಕಡೆ ಸರಿಸಿದಳು.

"ಇಲ್ಲ ದೊಡ್ಡಪ್ಪ, ನೀವು ಯಾವತ್ತೂ ತೊಳ್ಕೊಂಡಿಲ್ಲ. ಮನೆ ಬಿಡೋ ಮುಂಚೆ ದೊಡ್ಡಮ್ಮನೇ ತೊಳೆದು, ಸೆರಗಲ್ಲಿ ಒರೆಸಿ ಕಳಿಸ್ತಿದ್ರು. ಈ ಸಲ ಅವರಿಲ್ಲ. ಕಾಲು ಕೊಡಿ."