ಗೇಟಿಗೊಂದು ನಾಯಿ

"ಆ ನಾಯಿಮರಿ ಗೇಟಿನ ಒಳಗ ಬಂತಂದ್ರ ನಿನ್ನ ಕಾಲ ಮುರಿತೇನಿ, ಗನಿ."

ಅಬ್ದುಲಗನಿ ಹೆದರಲಿಲ್ಲ. ಕೈಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದ. ಗೋಡೆಯಾಚೆಯ ವೆಲ್ಡಿಂಗ್ ಶೆಡ್ಡು ಅವನದು.

"ನನಗೇನ ಮರಿ ತರೂ ಹುಕಿ ಇಲ್ಲ ಕಾಕಾ. ನಿಮ್ಮ ಸಾಹುಕಾರ್ರು ತಗೊಂಡ ಬಾ ಅಂದಾರ, ತಂದೇನಿ. ನನ್ನ ಕೇಳಿದ್ರ ನಿನ್ನ ಕೈಯಾಗ ಒಂದ ಕೋಳೀನೂ ಕೊಡೂದಿಲ್ಲ."

ಕಾರ್ಖಾನೆಯ ಗೇಟು ಕಾಯುವ ಉಡಚಪ್ಪ ಬೆನ್ನು ತಿರುಗಿಸಿ ತನ್ನ ಕುರ್ಚಿಯತ್ತ ನಡೆದ. ಹಿಂದಿನಿಂದ ಅಬ್ದುಲಗನಿ ಇನ್ನೂ ನಾಲ್ಕು ಮಾತು ಎಸೆದ. ಒಂದಕ್ಕೂ ಉತ್ತರವಿಲ್ಲ. ಮುದುಕನ ಸೊಕ್ಕು ತಾರಿಹಾಳದ ಕಾರ್ಖಾನೆಗಳಿಗೆಲ್ಲ ಗೊತ್ತಿತ್ತು.

ಇದೇ ಕಾರ್ಖಾನೆಯ ಪ್ರೆಸ್ ಮಷೀನಿನ ಮುಂದೆ ಅವನು ಇಪ್ಪತ್ತೆಂಟು ವರ್ಷ ತಗಡು ಒತ್ತಿದವನು. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ತುಟಿ ನೋಡಬೇಕು, ಕೈಸನ್ನೆ ನೋಡಬೇಕು. ಆ ರೂಢಿ ಹೋಗಿರಲಿಲ್ಲ. ಈಗಲೂ ಎದುರಿನವರ ಮುಖವನ್ನು ನುಂಗುವಂತೆ ನೋಡುತ್ತಿದ್ದ. ಹೊಸಬರು ಹೆದರುತ್ತಿದ್ದರು. ವಯಸ್ಸಾದ ಮೇಲೆ ಮಾಲೀಕರು ಗೇಟಿಗೆ ಕೂರಿಸಿದರು. ಆಗ ಎಲ್ಲಿಂದಲೋ ಬಂದು ಕಾಲಬುಡದಲ್ಲಿ ಮಲಗಿದ್ದು ಕಾಳ್ಯಾ ಎಂಬ ನಾಯಿ. ಆರು ವರ್ಷ ಅಲ್ಲೇ ಮಲಗಿತು.

ಹನ್ನೊಂದು ದಿನದ ಹಿಂದೆ ಸತ್ತಿತು.

ಅಂದು ಭಾನುವಾರ, ಕಾರ್ಖಾನೆಗೆ ರಜೆ. ಕಾರ್ಖಾನೆಯ ಶೆಡ್ಡಿನ ಹಿಂದೆ ನೆಲದೊಳಗಿನ ನೀರಿನ ಟಾಕಿಯನ್ನು ತೊಳೆಯಲೆಂದು ಖಾಲಿ ಮಾಡಿ ಮುಚ್ಚಳ ತೆರೆದೇ ಬಿಟ್ಟಿದ್ದರು. ತಂಪು ಹುಡುಕಿಕೊಂಡು ಹೋದ ನಾಯಿ ಅದರೊಳಗೆ ಬಿತ್ತು. ಎಂಟು ದಿನಕ್ಕೊಮ್ಮೆ ಬರುವ ನೀರು ಆವತ್ತೇ ಬಂತು. ಉಡಚಪ್ಪ ಗೇಟಿನ ಬಳಿಯ ವಾಲ್ವು ತಿರುಗಿಸಿದ. ಪೈಪಿನ ಮೇಲೆ ಅಂಗೈ ಇಟ್ಟು ನೀರು ಹೊರಟಿದ್ದನ್ನು ಖಾತ್ರಿ ಮಾಡಿಕೊಂಡ. ಬುತ್ತಿ ಬಿಚ್ಚಿ ಕುಳಿತ.

ಟಾಕಿ ತುಂಬಲು ಎರಡು ತಾಸು. ಎರಡು ತಾಸೂ ಕಾಳ್ಯಾ ಒದರಿತು.

ಅಬ್ದುಲಗನಿ ಅಂದು ತನ್ನ ಶೆಡ್ಡಿನಲ್ಲಿದ್ದ. ಮುದುಕ ಸಿಟ್ಟಿನಲ್ಲಿ ನಾಯಿಯನ್ನು ಎಲ್ಲೋ ಕಟ್ಟಿ ಹಾಕಿದ್ದಾನೆ ಎಂದುಕೊಂಡ. ಗೋಡೆಯ ಮೇಲಿಂದ ತಲೆ ಹಾಕಿ ಎರಡು ಸಲ ಕರೆದ. ಉಡಚಪ್ಪ ಗೋಡೆಗೆ ಬೆನ್ನು ಮಾಡಿ ರೊಟ್ಟಿ ಮುರಿಯುತ್ತಿದ್ದ. ತಿರುಗಿ ಸಹ ನೋಡಲಿಲ್ಲ.

ಸೋಮವಾರ ಕೆಲಸಗಾರರೆಲ್ಲ ಸುತ್ತ ನಿಂತು, ನಾಯಿ ಒದರಿದ್ದು ಕೇಳಲಿಲ್ಲವೇ ಎಂದರು. ಉಡಚಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಕೇಳಿತ್ತು," ಅಂದ. "ನಾಯಿ ಅಂದಮ್ಯಾಲ ಒದರತೈತಿ. ಹಂತಾದಕ್ಕೆಲ್ಲಾ ಯಾರ ಎದ್ದು ಹೋಗಬೇಕು?"

ಅಂದಿನಿಂದ ಯಾರೂ ಅವನ ಜೊತೆ ಚಹಾ ಕುಡಿಯಲಿಲ್ಲ. ಹೆಣ ಎತ್ತಿದವನು, ಗುಂಡಿ ತೋಡಿದವನು ಅವನೇ. ಸಿಮೆಂಟು ಕೆರೆದು ಕೆರೆದು ಕಾಳ್ಯಾನ ಉಗುರುಗಳು ಕಿತ್ತುಹೋಗಿದ್ದವು. ಅದನ್ನು ಅವನು ಹೆಂಡತಿ ಮುತ್ತವ್ವನಿಗೆ ಮಾತ್ರ ಹೇಳಿದ.

ನಿನ್ನೆ ಸಂಜೆ ಮುತ್ತವ್ವ ದೀಪ ಹಾಕಿ, ಗಂಡನ ಎದುರಿಗೆ ಬಂದು ಕುಳಿತಳು. ಮಾತಾಡುವುದಿದ್ದರೆ ಅವಳು ಹಾಗೇ ಮಾಡುತ್ತಿದ್ದಳು.

"ಸಾಹುಕಾರಗ ಖರೇ ಹೇಳಿಬಿಡ್ರಿ."

"ಹೇಳಿದ್ರ ಗೇಟ್ ಹೋಗತೈತಿ. ಮೂಲ್ಯಾಗ ಕುಂತು ಸಾಯೂದ ಆಕ್ಕೈತಿ. ನಾಯಿ ಕೊಂದಾವ ಅಂದ್ರ ಅನ್ಲಿ."

"ಇನ್ನೊಂದ ನಾಯಿ ತಂದ್ರ?"

"ಅದನ್ನೂ ಕೊಲ್ಲಂತೀ ಏನ?"

ಮುತ್ತವ್ವ ಕೆಳಗೆ ನೋಡಿದಳು. ಅಲ್ಲಿಗೆ ಮಾತು ನಿಂತಿತು.

ಈಗ ಸಾಹುಕಾರ ಸೌರಭ ಕಾರಿನಿಂದ ಇಳಿದು ನೇರ ಉಡಚಪ್ಪನ ಮುಂದೆ ಬಂದು ನಿಂತ. ತಂದೆಯ ನಂತರ ಕಾರ್ಖಾನೆ ನೋಡಿಕೊಳ್ಳುವವನು ಅವನೇ.

"ಕಾಕಾ, ಕಾಳ್ಯಾ ಹೋದಾಗಿಂದ ನಿಮ್ಮ ಲಕ್ಷ್ಯ ಎಲ್ಲಿ ಐತಿ? ನಿನ್ನೆ ಮಾಲಿನ ಲಾರಿ ಅರ್ಧಾ ತಾಸು ಹೊರಗ ನಿಂತೈತಿ. ಡ್ರೈವರ್ ನನಗ ಫೋನ್ ಹಚ್ಚಿದಾ. ನೀವು ಒಂದ ಫೋನ್ ಇಟಗೋರಿ ಅಂದ್ರ ಅದೂ ಬ್ಯಾಡ."

"ಅರವತ್ನಾಕ ಆತ್ರಿ ನನಗ. ಈ ಮರಿ ಹನ್ನೆರಡ ವರ್ಷ ಬದುಕತೈತಿ. ಅದರ ಮುಂದ ನಾ ಉಳಿತೇನೇನು?"

"ಅದೆಲ್ಲಾ ಬ್ಯಾಡ. ನಾಯಿ ಇದ್ದಾಗ ಗೇಟ್ ಛಲೋ ಇತ್ತು. ನಾಯಿ ಬ್ಯಾಡಂದ್ರ ನಾಳಿಂದ ಬ್ಯಾರೆ ಮನಶ್ಯಾನ ನೋಡತೇನಿ. ನಿಮಗ ಬಿಟ್ಟದ್ದು."

ಉಡಚಪ್ಪ ಎದ್ದ. ಶೆಡ್ಡಿನ ಹಿಂದೆ ಹೋದ. ಟಾಕಿಯ ಮುಚ್ಚಳದ ಮೇಲೆ ತಾನೇ ಹೊತ್ತು ಹಾಕಿದ್ದ ಕಬ್ಬಿಣದ ತುಂಡುಗಳನ್ನು ಕಾಲಿನಿಂದ ಒದ್ದು ನೋಡಿದ. ಅಲುಗಲಿಲ್ಲ. ಪಕ್ಕದಲ್ಲೇ ಕಾಳ್ಯಾನ ಗುಂಡಿಯ ಮಣ್ಣು ಇನ್ನೂ ಕುಸಿದಿರಲಿಲ್ಲ.

ವಾಪಸು ಬಂದವನ ಕೈಯಲ್ಲಿ ನೈಲಾನ್ ಹಗ್ಗವಿತ್ತು. ಡಬ್ಬಿಯಿಂದ ಮರಿಯನ್ನು ಎತ್ತಿದ. ಕಂದು ಬಣ್ಣ, ಒಂದು ಕಿವಿ ಬಿಳಿ. ಹಗ್ಗದ ಒಂದು ತುದಿಯನ್ನು ಅದರ ಕೊರಳಿಗೆ ಸಡಿಲಾಗಿ ಕಟ್ಟಿದ. ಇನ್ನೊಂದು ತುದಿಯನ್ನು ತನ್ನ ಎಡಗೈ ಮಣಿಕಟ್ಟಿಗೆ ಬಿಗಿದ.

ಅಬ್ದುಲಗನಿ ಎದುರು ಬಂದು ನಕ್ಕ. "ಏನ ಕಾಕಾ, ಮರಿ ಓಡಿ ಹೋಗತೈತಿ ಅಂತೋ, ನೀ ಓಡಿ ಹೋಗ್ತಿ ಅಂತೋ?"

"ಇನ್ನ ಇದು ಎಲ್ಲಿ ಬಿದ್ರೂ ನನಗ ಗೊತ್ತಾಗಬೇಕು," ಅಂದ ಉಡಚಪ್ಪ.

ಅಬ್ದುಲಗನಿಯ ನಗು ನಿಂತಿತು. ಖಾಲಿ ಡಬ್ಬಿ ಎತ್ತಿಕೊಂಡು ತನ್ನ ಶೆಡ್ಡಿಗೆ ಹೋದ.

ಮಧ್ಯಾಹ್ನ ಉಡಚಪ್ಪ ಬುತ್ತಿ ಬಿಚ್ಚಿದ. ಎರಡನೇ ತುತ್ತಿಗೆ ಮಣಿಕಟ್ಟಿನ ಹಗ್ಗ ಜಗ್ಗಿತು. ಮರಿ ಕೊರಳು ಚಾಚಿ ಗೇಟಿನತ್ತ ನಿಂತಿತ್ತು. ಗೇಟಿನ ಕೆಳಸಂದಿಯಲ್ಲಿ ಲಾರಿಯ ಗಾಲಿಗಳು ಕಂಡವು. ಅವನು ಎದ್ದು ಹೋಗಿ ಗೇಟು ತೆಗೆದ. ಆಫೀಸಿನ ಬಾಗಿಲಲ್ಲಿದ್ದ ಸೌರಭ ಕೈ ಎತ್ತಿ ಶಾಭಾಸ್ ಎಂಬಂತೆ ತೋರಿಸಿದ. ಗೇಟು ಉಳಿಯಿತು.

ಉಡಚಪ್ಪ ಬಗ್ಗಿ ಮರಿಯನ್ನು ನೋಡಿದ. ಅದರ ಪುಟ್ಟ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬಲಗೈಯನ್ನು ಅದರ ಗಂಟಲಿಗೆ ಒತ್ತಿ ಹಿಡಿದ. ಬೆರಳುಗಳ ಕೆಳಗೆ ಗಂಟಲು ನಡುಗಿತು, ನೀರು ಹರಿಯುವ ಪೈಪಿನಂತೆ.

ಬೊಗಳುತ್ತಿರಬೇಕು. ಆರು ವರ್ಷ ಜೊತೆಗಿದ್ದ ಕಾಳ್ಯಾನ ದನಿ ಹೇಗಿತ್ತು ಎಂಬುದೂ ಅವನ ಕಿವುಡು ಕಿವಿಗಳಿಗೆ ಗೊತ್ತಿರಲಿಲ್ಲ.