ಕಾಕಾನ ಹೋಳಿಗೆ

ಬೆಲ್ಲದಲ್ಲಿ ಕಡಲೆಬೇಳೆ ಕುದಿಯುವ ವಾಸನೆ ಬಂದರೆ ನಾನು ಈಗಲೂ ಬಾಗಿಲ ಕಡೆ ನೋಡುತ್ತೇನೆ.

ನಿಜಾಮನ ಆಡಳಿತ ಹೋದ ಹೊಸತು. ಹೈದರಾಬಾದಿನ ಮ್ಯಾರಥಾನ್ ಓಟ ಮುಗಿಸಿದೆನೆಂದು ಕಾಕಾ ತಾರು ಕಳಿಸಿದ್ದ. ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಬರುವವನಿದ್ದ. ಓಡಿ ಕಾದ ಮೈಗೆ ಹೆಸರುಬೇಳೆ ಪಾಯಸ ತಂಪು ಎಂದಳು ಅವ್ವ. ಅಜ್ಜಿ ಒಪ್ಪಲಿಲ್ಲ.

"ಹೈದರಾಬಾದ್ ಪೂರಾ ಓಡ್ಯಾನ. ಪಾಯಸ ಕುಡದು ಮಲಗಾಕ ಅವಗೇನ್ ಜ್ವರ ಬಂದಾವೇನಬೇ? ಹೋಳಿಗಿನ ಆಗಬೇಕು."

ನಾನು ಬೆಲ್ಲ ಜಜ್ಜುತ್ತಾ ಅಂಟಂಟು ಬೆರಳು ನೆಕ್ಕುತ್ತಿದ್ದೆ. ಬಸ್ಸು ಬಂದ ಸದ್ದು ಕೇಳಿತು. ಕಾಕಾ ಬರಲಿಲ್ಲ. ಓಣಿಯ ಮನೆಗಳಲ್ಲಿ ಬೀಸುಕಲ್ಲುಗಳ ಸದ್ದು ಒಂದೊಂದಾಗಿ ನಿಂತಿತು.

ಆಮೇಲೆ ಪಕ್ಕದ ಮನೆಯ ನಿಂಗಮ್ಮ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಅಡುಗೆಮನೆಗೇ ಬಂದಳು. ಅದು ನಮ್ಮದೇ ಬುಟ್ಟಿ. ಹೋದ ತಿಂಗಳು ಅವಳ ಮಾವ ತೀರಿಕೊಂಡು ಆ ಮನೆಯಲ್ಲಿ ಒಲೆ ಹಚ್ಚದಿದ್ದಾಗ ಅಜ್ಜಿ ಅದರಲ್ಲೇ ರೊಟ್ಟಿ ಒಯ್ದಿದ್ದಳು. ಈಗಲೂ ಬಟ್ಟೆಯ ಕೆಳಗೆ ಬಿಸಿ ರೊಟ್ಟಿ ಇದ್ದವು.

"ಇವತ್ತ್ ನಮ್ಮನ್ಯಾಗ ಹೋಳಿಗಿ ಐತಲ್ಲಬೇ, ರೊಟ್ಟಿ ಯಾಕ ತಂದಿ?" ಅಜ್ಜಿ ನಗುತ್ತಲೇ ಕೇಳಿದಳು.

ನಿಂಗಮ್ಮ ಬುಟ್ಟಿ ಇಳಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಉರಿಯುವ ಕಟ್ಟಿಗೆಗಳನ್ನು ಹೊರಗೆಳೆದು ನೀರು ಚಿಮುಕಿಸಿದಳು.

ಒಲೆ ಆರಿದ ಮೇಲೂ ಹೂರಣ ಸ್ವಲ್ಪ ಹೊತ್ತು ಕುದಿಯುತ್ತಲೇ ಇತ್ತು.